ಕೇಳುವವರ ಕಣ್ಣು

ಮೊಳಕಾಲ್ಮೂರಿನ ನೇಕಾರನು ರೇಷ್ಮೆ ಸೀರೆಯನ್ನು ನೇಯುವಾಗ ಅವನ ಕಣ್ಣು ಮಗ್ಗದಿಂದ ಕದಲುವಂತಿಲ್ಲ. ಚಳ್ಳಕೆರೆಯ ಸೀಮೆಯಲ್ಲಿ ಶೇಂಗಾ ಬಿಡಿಸುವವರ ಕೈಗಳಿಗೂ ಬಿಡುವಿಲ್ಲ. ಬಿಡುವಿರುವುದು ಕಿವಿಗೆ ಮಾತ್ರ. ದುಡಿಮೆಯನ್ನು ನಿಲ್ಲಿಸದೆಯೇ ದೂರದ ಆಟದ ಬಯಲನ್ನು ಸೇರುವ ಭಾಗ್ಯವನ್ನು ಇಂಥವರಿಗೆ ಒದಗಿಸಿದುದು ಬಾನುಲಿ. ತಾನು ಕಂಡ ಆಟವನ್ನು ಕಾಣದವರಿಗಾಗಿ ಮಾತಿನಲ್ಲಿ ಕಟ್ಟಿಕೊಡುವವನೇ ವೀಕ್ಷಕ ವಿವರಣೆಗಾರ.

ಇಂಪಾದ ಕಂಠವೂ ನಿರರ್ಗಳವಾದ ಮಾತೂ ಇದ್ದರೆ ಈ ವೃತ್ತಿಗೆ ಸಾಕೆಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಕೇಳುಗನು ತನ್ನ ಕಣ್ಣನ್ನೇ ಅವನಿಗೆ ಒಪ್ಪಿಸಿರುತ್ತಾನೆ. ಆದುದರಿಂದ ಸತ್ಯನಿಷ್ಠೆಯೇ ಅವನ ಮೊದಲ ಬಂಡವಾಳ, ಕಂಠವು ಅನಂತರದ್ದು.

1930ರ ದಶಕದಲ್ಲಿ ಎ. ಎಫ್. ಎಸ್. ತಲ್ಯಾರ್‌ಖಾನರು ಮುಂಬಯಿಯ ಕ್ರಿಕೆಟ್ ಪಂದ್ಯಗಳನ್ನು ದಿನವಿಡೀ ತಾವೊಬ್ಬರೇ ಇಂಗ್ಲಿಷಿನಲ್ಲಿ ವಿವರಿಸಿ ಪ್ರಸಿದ್ಧರಾದರು. ಮುಂದೆ ಹಲವರು ಸರದಿಯಂತೆ ಮಾತನಾಡುವ ಪದ್ಧತಿ ಬಂದಾಗ ಅವರು ಅದಕ್ಕೊಪ್ಪದೆ ಹಿಂದೆ ಸರಿದರು. ಅವರ ಪ್ರತಿಭೆ ದೊಡ್ಡದು. ಆದರೆ ಬಾನುಲಿ ಒಬ್ಬನ ಸ್ವತ್ತಲ್ಲ, ಕೇಳುವವರೆಲ್ಲರ ಸ್ವತ್ತು.

1948ರಲ್ಲಿ ಗಾಂಧೀಜಿಯವರ ಅಂತಿಮಯಾತ್ರೆಯನ್ನು ಮೆಲ್ವಿಲ್ ಡಿ ಮೆಲ್ಲೊ ಇಂಗ್ಲಿಷಿನಲ್ಲಿ ವಿವರಿಸಿದರು. ಅದನ್ನು ಕೇಳಿದ ಜಸದೇವ್ ಸಿಂಗ್ ಎಂಬ ತರುಣನು ತಾನು ಆ ಕೆಲಸವನ್ನು ಹಿಂದಿಯಲ್ಲಿ ಮಾಡಬೇಕೆಂದು ಹಂಬಲಿಸಿದನು. 1955ರಲ್ಲಿ ಜೈಪುರದ ಆಕಾಶವಾಣಿಯನ್ನು ಸೇರಿದ ಆತನು ಮುಂದೆ ಒಂಬತ್ತು ಒಲಿಂಪಿಕ್ ಕ್ರೀಡಾಕೂಟಗಳನ್ನು ದೇಶಕ್ಕೆ ಬಣ್ಣಿಸಿದನು. 1975ರಲ್ಲಿ ಕೌಲಾಲಂಪುರದ ವಿಶ್ವಕಪ್ ಹಾಕಿಯ ಅಂತಿಮ ಪಂದ್ಯದಲ್ಲಿ ಭಾರತವು ಪಾಕಿಸ್ತಾನವನ್ನು 2-1 ಗೋಲುಗಳಿಂದ ಸೋಲಿಸಿದಾಗ, ಆ ಗೆಲುವನ್ನು ಲಕ್ಷಾಂತರ ಜನರು ಅನುಭವಿಸಿದುದು ಆತನ ಧ್ವನಿಯಲ್ಲಿ. 2008ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಜನರ ನುಡಿಯಲ್ಲಿ ನುಡಿದವನನ್ನು ಜನರು ಮರೆಯಲಿಲ್ಲ.

ಈ ಮಾತು ಕನ್ನಡಕ್ಕೂ ಸಲ್ಲುತ್ತದೆ. ಚಿತ್ರದುರ್ಗದಲ್ಲಿ ಆಕಾಶವಾಣಿಯ ಕೇಂದ್ರವಿದೆ. ಹಳ್ಳಿಹಳ್ಳಿಯಲ್ಲಿ ಕಬಡ್ಡಿ, ಖೊಖೊ ಆಟಗಳಿವೆ. ಉಸಿರು ಬಿಗಿಹಿಡಿದು ಎದುರಾಳಿಗಳ ಅಂಕಣಕ್ಕೆ ನುಗ್ಗುವವನ ಧೈರ್ಯವನ್ನು ವರ್ಣಿಸಲು ಎರವಲು ನುಡಿ ಬೇಕಿಲ್ಲ. ಈ ನೆಲದ ಆಟವನ್ನು ಈ ನೆಲದ ಮಾತಿನಲ್ಲಿ ಹೇಳಬಲ್ಲವರು ಇಲ್ಲಿಂದಲೇ ಹುಟ್ಟಬೇಕು.

ಅವರಿಗೊಂದು ಕಠಿಣ ಪರೀಕ್ಷೆ ಕಾದಿರುತ್ತದೆ. ಚಳ್ಳಕೆರೆಯ ತಂಡವೂ ಮೊಳಕಾಲ್ಮೂರಿನ ತಂಡವೂ ಸೆಣಸುವಾಗ ವಿವರಣೆಗಾರನು ಚಳ್ಳಕೆರೆಯವನಾಗಿದ್ದರೆ ಏನು ಮಾಡಬೇಕು? ಊರಿನ ಅಭಿಮಾನ ಸಹಜವಾದುದು. ಆದರೆ ಎದುರಾಳಿಯ ಸೊಗಸಾದ ಹಿಡಿತವನ್ನು ಅವನು ಮರೆಮಾಚಿದರೆ, ಮಗ್ಗದ ಮುಂದೆ ಕುಳಿತು ಕೇಳುತ್ತಿರುವವನಿಗೆ ವಂಚನೆಯಾಗುತ್ತದೆ. ಆ ವಂಚನೆಯನ್ನು ಕಂಡುಹಿಡಿಯುವ ಉಪಾಯವೂ ಅವನ ಬಳಿ ಇಲ್ಲ. ಆದುದರಿಂದಲೇ ತಪ್ಪು ಇಮ್ಮಡಿಯಾಗುತ್ತದೆ.

ದೂರದರ್ಶನವು ಮನೆಮನೆಗೆ ಬಂದಿರುವಾಗ ಬಾನುಲಿಯ ವಿವರಣೆ ಏಕೆಂದು ಕೇಳಬಹುದು. ಚಿತ್ರವನ್ನು ನೋಡಲು ಕೆಲಸವನ್ನು ಬಿಟ್ಟು ಕೂರಬೇಕು. ಧ್ವನಿಯು ಕೆಲಸ ಮಾಡುವವನ ಜೊತೆಗಿರುತ್ತದೆ. ದುಡಿಯುವ ಕೈಗಳಿರುವವರೆಗೂ, ನಂಬಿಕೆಗೆ ಅರ್ಹವಾದ ಧ್ವನಿಗೆ ನಾಡಿನಲ್ಲಿ ಸ್ಥಾನವಿದ್ದೇ ಇರುತ್ತದೆ.