ಚಪ್ಪಾಳೆ ಸಾಕು, ಕೆಲಸ ಹೇಳಿ

ನಮ್ಮ ನಾಡಿನಲ್ಲಿ ಮಳೆಗೆ ಬರ ಬಂದೀತು, ಭಾಷಣಕ್ಕೆ ಬರವಿಲ್ಲ. ಪುಢಾರಿ ಬರುತ್ತಾನೆ, ಹಾರ ಬೀಳುತ್ತದೆ, ಒಂದೂವರೆ ಗಂಟೆ ಗುಡುಗುತ್ತಾನೆ, ವಂದನಾರ್ಪಣೆಯಾಗುತ್ತದೆ. “ಎಷ್ಟು ಚೆನ್ನಾಗಿ ಮಾತಾಡಿದರು!” ಎನ್ನುತ್ತ ಜನ ಮನೆ ಸೇರುತ್ತಾರೆ. ಮರುದಿನ ನೋಡಿದರೆ ಕೆರೆಯ ತೂಬು ಒಡೆದಂತೆಯೇ ಇದೆ, ಕಚೇರಿಗೆ ಕೊಟ್ಟ ಅರ್ಜಿ ಇದ್ದಲ್ಲೇ ಇದೆ.

ಜನ ಜಡರಾಗಿದ್ದಾರೆಂದು ವೇದಿಕೆಯವರು ದೂರುತ್ತಾರೆ. ಇದು ಶುದ್ಧ ಸುಳ್ಳು. ಏನು ಮಾಡಬೇಕೆಂದು ಹೇಳದೆ ಇಳಿದುಹೋದವನಿಗೆ, ಜನ ಏನೂ ಮಾಡಲಿಲ್ಲವೆಂದು ದೂರುವ ಹಕ್ಕು ಎಲ್ಲಿಂದ ಬಂತು?

1942ರ ಆಗಸ್ಟ್ 8ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿ ಆಡಿದ ಮಾತನ್ನು ಈ ಶೂರರು ನೆನೆಯಲಿ. ‘ಮಾಡು ಇಲ್ಲವೆ ಮಡಿ’ ಎಂಬ ಮಂತ್ರವಷ್ಟೇ ನಮ್ಮ ನೆನಪಿನಲ್ಲಿ ಉಳಿದಿದೆ. ಆದರೆ ಅವರು ಮಂತ್ರ ಕೊಟ್ಟು ಸುಮ್ಮನಾಗಲಿಲ್ಲ. ನಿರ್ಣಯದ ವಿರುದ್ಧ ಮತ ಕೊಟ್ಟ 13 ಮಂದಿಯನ್ನು ಹಳಿಯದೆ ಅಭಿನಂದಿಸಿದರು. ಈ ಗಳಿಗೆಯಿಂದಲೇ ನೀವು ಸ್ವತಂತ್ರರೆಂದು ತಿಳಿಯಿರಿ ಎಂದರು. ಆಮೇಲೆ ಒಬ್ಬೊಬ್ಬರಿಗೂ ಕೆಲಸ ಹಂಚಿದರು. ಪತ್ರಕರ್ತರು ನಿರ್ಬಂಧಕ್ಕೆ ತಲೆಬಾಗಿ ಬರೆಯುವುದಕ್ಕಿಂತ ಬರಹವನ್ನೇ ನಿಲ್ಲಿಸಲಿ. ಸರ್ಕಾರಿ ನೌಕರರು ಈಗಲೇ ರಾಜೀನಾಮೆ ಕೊಡಬೇಕಿಲ್ಲ. ತಾವು ಕಾಂಗ್ರೆಸ್ಸಿನ ಜೊತೆ ಇದ್ದೇವೆಂದು ಸರ್ಕಾರಕ್ಕೆ ಬರೆದು ತಿಳಿಸಲಿ. ಸಿಪಾಯಿಗಳು ನಮ್ಮ ಜನರ ಮೇಲೆ ಗುಂಡು ಹಾರಿಸಲೊಲ್ಲೆವೆನ್ನಲಿ. ವಿದ್ಯಾರ್ಥಿಗಳು ತಮ್ಮ ನಿಲುವನ್ನು ಅಧ್ಯಾಪಕರಿಗೇ ಹೇಳಲಿ.

ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿ ಸೆರೆಯಾದರು. ಆದರೂ ಚಳವಳಿ ನಿಲ್ಲಲಿಲ್ಲ. ಅದೇ ಮೈದಾನದಲ್ಲಿ ಅರುಣಾ ಅಸಫ್ ಅಲಿ ಧ್ವಜ ಹಾರಿಸಿದರು. ಚಳವಳಿ ಉಳಿದದ್ದು ಭಾಷಣವೊಂದರಿಂದಲೇ ಅಲ್ಲ, ನಿಜ. ಆದರೆ ನಾಯಕನಿಲ್ಲದಾಗಲೂ ಕೇಳುಗನ ಕೈಯಲ್ಲಿ ಉಳಿಯುವುದು ಹಂಚಿಕೊಟ್ಟ ಕೆಲಸವೇ ಹೊರತು ಉಪಮೆ ಅಲಂಕಾರಗಳಲ್ಲ.

ಹಾಗಾದರೆ ಭಾಷಣದ ಕ್ರಮವೇನು? ಮೊದಲು, ಕೂತವನ ಕಷ್ಟವನ್ನೇ ಎತ್ತಿ. ಲೋಕದ ಇತಿಹಾಸದಿಂದ ಆರಂಭಿಸಬೇಡಿ. ಎರಡನೆಯದು, ಆ ಕಷ್ಟ ಹಣೆಬರಹದಿಂದ ಬಂದದ್ದಲ್ಲ, ಯಾವ ವ್ಯವಸ್ಥೆಯಿಂದ ಬಂತೆಂದು ತೋರಿಸಿ. ಮೂರನೆಯದು, ಪರಿಹಾರವನ್ನೂ ಅದಕ್ಕೆ ತೆರಬೇಕಾದ ಬೆಲೆಯನ್ನೂ ಮುಚ್ಚಿಡದೆ ಹೇಳಿ. ಕಡೆಯದು, ಯಾರು, ಎಲ್ಲಿ, ಯಾವ ದಿನ, ಏನು ಮಾಡಬೇಕೆಂದು ಹೇಳಿ ಕೂತುಬಿಡಿ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರಿಗೆ ಅನ್ಯಾಯವೆಂದರೆ ಗ್ರಂಥದ ಮಾತಾಗಿರಲಿಲ್ಲ. ಅದು ಧಣಿಯ ಅಂಗಳದಲ್ಲಿ ಭತ್ತ ಅಳೆಯುವ ದೊಡ್ಡ ಕೊಳಗವಾಗಿತ್ತು. ಮಾಡಬೇಕಾದ ಕೆಲಸವೂ ಅಷ್ಟೇ ಸ್ಪಷ್ಟವಾಗಿತ್ತು: ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಸೆರೆಮನೆಗೆ ಹೋಗುವುದು. ತಂಡತಂಡವಾಗಿ ಹೋದರು. ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಕೊಳಗ ಕಣ್ಣೆದುರಿಗಿದ್ದವನಿಗೆ ಶೋಷಣೆಯ ವ್ಯಾಖ್ಯೆ ಬೇಕೆ?

“ಮೊದಲು ಜನ ಜಾಗೃತರಾಗಲಿ, ಕೆಲಸ ಆಮೇಲೆ” ಎನ್ನುವ ಪಂಡಿತರುಂಟು. ನೀರಿಗಿಳಿಯುವ ಮುನ್ನ ಈಜು ಕಲಿ ಎಂದಂತಾಯಿತು! ಜಾಗೃತಿ ಬೆಳೆಯುವುದು ಕೆಲಸದಲ್ಲಿ. ಇನ್ನೊಂದು ಮಾತು: ಬೆಲೆಯನ್ನು ಮುಚ್ಚಿಟ್ಟು ಜನರನ್ನು ಕೆರಳಿಸುವವನೂ ಇದೇ ಕ್ರಮ ಹಿಡಿಯಬಲ್ಲ. ತಾನು ಮೊದಲು ಹೆಜ್ಜೆಯಿಡದೆ ಇತರರನ್ನು ಮುಂದೆ ತಳ್ಳುವವನ ಮಾತನ್ನು ನಂಬಬೇಡಿ.

ಓದುಗರೇ, ಮುಂದಿನ ಸಭೆಯಲ್ಲಿ ವಂದನಾರ್ಪಣೆಗೆ ಮೊದಲೇ ಎದ್ದು ನಿಂತು ಎರಡು ಪ್ರಶ್ನೆ ಕೇಳಿ: “ನಾಳೆ ಬೆಳಿಗ್ಗೆ ನಾವು ಮಾಡಬೇಕಾದ್ದೇನು? ನೀವು ಮಾಡುವುದೇನು?” ಉತ್ತರ ಬಾರದಿದ್ದರೆ ಚಪ್ಪಾಳೆ ತಟ್ಟಬೇಡಿ.