ಮುಪ್ಪಿಗೂ ಒಂದು ಜೋಳಿಗೆ ಬೇಕು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿ, ತಾಂಡಾಗಳಿಂದ ಜನ ಗುಳೆ ಹೋಗುವುದು ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ಗೋವಾ, ಪುಣೆ, ಮುಂಬೈ, ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಕಟ್ಟಡದ ಕೆಲಸವೋ ಕಬ್ಬು ಕಡಿಯುವ ಕೆಲಸವೋ ಸಿಕ್ಕಲ್ಲಿ ನಿಲ್ಲುತ್ತಾರೆ. ಗುಳೆಯ ಮಾತು ಬಂದಾಗ ಹೋದವರ ಕಷ್ಟ ಹೇಳುತ್ತೇವೆ, ಶಾಲೆ ತಪ್ಪಿದ ಮಕ್ಕಳ ಬಗ್ಗೆ ಮರುಗುತ್ತೇವೆ. ಮನೆ ಕಾಯಲು ಉಳಿದ ಮುದುಕ ಮುದುಕಿಯರು ಮಾತಿಗೆ ಬರುವುದು ಕಡಿಮೆ. ಕೈಕಾಲು ಗಟ್ಟಿ ಇರುವತನಕ ಅವರೇ ಮನೆಗೆ ಕಾವಲು. ಹಾಸಿಗೆ ಹಿಡಿದ ದಿನ ಅವರಿಗೊಬ್ಬರು ಬೇಕು. ಆ ದಿನಕ್ಕೆ ಈ ನಾಲ್ಕು ತಾಲ್ಲೂಕುಗಳು ಏನು ಸಿದ್ಧತೆ ಮಾಡಿಕೊಂಡಿವೆ ಎಂದು ಕೇಳಿಕೊಳ್ಳುವವರು ಬೆಂಗಳೂರಿನ ಹೊಸೂರು ರಸ್ತೆಯ ಒಂದು ವೃದ್ಧಾಶ್ರಮದ ಕಡೆ ನೋಡಬೇಕು. ‘ಲಿಟ್ಲ್ ಸಿಸ್ಟರ್ಸ್ ಆಫ್ ದ ಪೂರ್’ ಎಂಬ ಕ್ಯಾಥೊಲಿಕ್ ಧರ್ಮಭಗಿನಿಯರು 1900ರಿಂದ ಅದನ್ನು ನಡೆಸುತ್ತ ಬಂದಿದ್ದಾರೆ. ಬಸವಣ್ಣನ ನೆಲಕ್ಕೆ ಚೆನ್ನಾಗಿ ಗೊತ್ತಿರುವ ಜೋಳಿಗೆಯನ್ನು ಮುದುಕರ ಸಲುವಾಗಿ ಹಿಡಿಯುವುದು ಹೇಗೆಂದು ಅವರಿಂದ ಕಲಿಯಲಿಕ್ಕಿದೆ.

ಈ ಸಂಘ ಹುಟ್ಟಿದ್ದೇ ಜೋಳಿಗೆಯಿಂದ. ಫ್ರಾನ್ಸಿನ ಬ್ರಿಟನಿ ಸೀಮೆಯ ಸೇಂಟ್ ಸರ್ವಾನ್ ಊರಿನಲ್ಲಿ 1839ರ ಚಳಿಗಾಲದಲ್ಲಿ ಜಾನ್ ಜುಗಾನ್ ಎಂಬ ಬಡ ಹೆಣ್ಣುಮಗಳು, ಕಣ್ಣು ಕಾಣದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಮನೆಗೆಲಸ ಮಾಡಿ ಬದುಕುತ್ತಿದ್ದ ಅವಳಿಗೆ ಆಗ ನಲವತ್ತೇಳು ವರ್ಷ. ಮುದುಕಿಯರ ಸಂಖ್ಯೆ ಹೆಚ್ಚಿದಂತೆ, ಅವರು ಬೀದಿಯಲ್ಲಿ ಬೇಡುವುದು ಬೇಡವೆಂದು ತಾನೇ ಬುಟ್ಟಿ ಹಿಡಿದು ಮನೆಮನೆಗೆ ಹೋದಳು. ಬೇಡುವ ಅವಮಾನವನ್ನು ಮುದುಕರ ಹೆಗಲಿನಿಂದ ಇಳಿಸಿ ಗಟ್ಟಿ ಇರುವವರು ಹೊರಬೇಕು ಎಂಬುದು ಆ ಬುಟ್ಟಿಯ ಅರ್ಥ. 1865ರಲ್ಲಿ ಸಂಘದ ಮುಂದೆ ಕಾಯಂ ಆದಾಯದ ಪ್ರಶ್ನೆ ಬಂದಾಗ ಅದು ಬೇಡವೆಂದು ತೀರ್ಮಾನವಾಯಿತು. ಜಾನ್ ಜುಗಾನ್ ಅಭಿಪ್ರಾಯವೂ ಅದೇ ಆಗಿತ್ತು. 1879ರಲ್ಲಿ ಆಕೆ ತೀರಿಕೊಂಡಾಗ ಸಂಘದಲ್ಲಿ ಸುಮಾರು 2,400 ಭಗಿನಿಯರಿದ್ದರು. ಅಷ್ಟರಲ್ಲಿ ಆಕೆಯನ್ನು ಮೂಲೆಗೆ ಸರಿಸಿ ಇಪ್ಪತ್ತೇಳು ವರ್ಷವಾಗಿತ್ತು. ಹೊಸದಾಗಿ ಸೇರಿದವರಲ್ಲಿ ಅನೇಕರಿಗೆ ಸ್ಥಾಪಕಿ ಇವಳೇ ಎಂಬುದೂ ಗೊತ್ತಿರಲಿಲ್ಲ. 2009ರಲ್ಲಿ ಚರ್ಚು ಆಕೆಯನ್ನು ಸಂತಳೆಂದು ಘೋಷಿಸಿತು. ಇಂದಿಗೂ ಈ ಭಗಿನಿಯರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಅತಿಥಿ ಸತ್ಕಾರವನ್ನು ನಾಲ್ಕನೆಯ ವ್ರತವಾಗಿ ತೊಡುತ್ತಾರೆ. ಮುದುಕರಿರುವ ಸೂರಿನಡಿಯೇ ತಾವೂ ಇರುತ್ತಾರೆ, ಅಂಗಡಿ ಮಾರುಕಟ್ಟೆಗಳಲ್ಲಿ ಎತ್ತಿ ತಂದದ್ದರಲ್ಲಿ ಒಲೆ ಹಚ್ಚುತ್ತಾರೆ.

ಇದನ್ನು ಓದುವ ವಿಜಯಪುರ ಜಿಲ್ಲೆಯವರಿಗೆ ಆಶ್ಚರ್ಯವೇನೂ ಆಗಲಿಕ್ಕಿಲ್ಲ. ದಾಸೋಹ ಎಂಬ ಮಾತು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಫ. ಗು. ಹಳಕಟ್ಟಿಯವರು 1910ರಲ್ಲಿ ಹುಟ್ಟುಹಾಕಿದ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯನ್ನು ಬಂಥನಾಳದ ಸಂಗನಬಸವ ಶಿವಯೋಗಿಗಳಂಥವರು ಬೆಳೆಸಿದ್ದು ಜನರ ಕಾಣಿಕೆಯ ಬಲದಿಂದ. ತುಮಕೂರಿನ ಸಿದ್ಧಗಂಗಾ ಮಠ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟದ್ದರ ಹಿಂದೆ ರೈತರು ತಂದೊಪ್ಪಿಸಿದ ರಾಗಿ, ಅಕ್ಕಿ, ಬೇಳೆ ಇವೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಜೋಳಿಗೆ ತುಂಬಿದ್ದು ಹೆಚ್ಚಾಗಿ ಮಕ್ಕಳ ಸಲುವಾಗಿ. ಮಗುವಿಗೆ ಹಾಕಿದ ಅನ್ನ ನಾಳೆ ಶಿಕ್ಷಕನಾಗಿ, ಅಧಿಕಾರಿಯಾಗಿ, ಮಠದ ಹೆಸರು ಹೇಳುವ ಹಳೆಯ ವಿದ್ಯಾರ್ಥಿಯಾಗಿ ತಿರುಗಿ ಬರುತ್ತದೆ. ಎಂಬತ್ತರ ಮುದುಕಿಗೆ ಕುಡಿಸಿದ ಗಂಜಿ ಯಾವ ರೂಪದಲ್ಲೂ ತಿರುಗಿ ಬರುವುದಿಲ್ಲ. ಫಲದ ಆಸೆ ಇಲ್ಲದ ದಾಸೋಹಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ. ಕಾಯಕದ ನಾಡಿನಲ್ಲಿ ಎತ್ತಿ ತಂದು ಉಣ್ಣಿಸುವುದು ಸರಿಯೇ ಎಂದು ಯಾರಾದರೂ ಕೇಳಿಯಾರು. ಜೋಳಿಗೆ ಹಿಡಿದವರು ತಮಗಾಗಿ ಹಿಡಿದಿಲ್ಲ. ಉಣ್ಣುವವರು ಜೋಳ, ತೊಗರಿ, ಲಿಂಬೆ ಬೆಳೆದು ತಮ್ಮ ಪಾಲಿನ ಕಾಯಕವನ್ನು ಮುಗಿಸಿದವರು. ಅವರಿಗೆ ಸಲ್ಲುವುದು ಭಿಕ್ಷೆಯಲ್ಲ, ಬಾಕಿ.

ಸರ್ಕಾರ ಇದೆಯಲ್ಲ ಎಂಬುದು ಮೊದಲ ಆಕ್ಷೇಪ. ನಿಜ, ಹೊಣೆ ಸರ್ಕಾರದ್ದೂ ಹೌದು. ತಂದೆ ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ, ನಿರ್ಗತಿಕ ವೃದ್ಧರಿಗಾಗಿ ಜಿಲ್ಲೆಗೊಂದಾದರೂ 150 ಜನರ ಆಶ್ರಮದಿಂದ ಶುರುಮಾಡಿ ಎಂದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಜಿಲ್ಲಾ ಕೇಂದ್ರ ಮುದ್ದೇಬಿಹಾಳದಿಂದ ಸುಮಾರು 80 ಕಿ.ಮೀ., ಸಿಂದಗಿಯಿಂದ 60. ಊರಿನ ಬಸ್ಸು ಬಾರದ, ಗುರುತಿನವರು ಇಣುಕದ ಜಾಗದಲ್ಲಿ ಹಾಸಿಗೆ ಎಷ್ಟು ಮೆತ್ತಗಿದ್ದರೇನು? ಅದೇ ಕಾಯ್ದೆಯಡಿ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಹೋದರೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಗನ ಮೇಲೆ ಈ ಅಸ್ತ್ರ ನಡೆದೀತು; ಗೋವಾದ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ಮಲಗುವ ಮಗನಿಂದ ಏನು ವಸೂಲಿ ಮಾಡುವುದು? ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಜೋಳ ತರುತ್ತದೆ. ರೊಟ್ಟಿ ಬಡಿದು ಹಾಲಿನಲ್ಲಿ ನೆನೆಸಿ ಬಾಯಿಗಿಡುವ ಕೈಯನ್ನು ತರುವುದಿಲ್ಲ. ಆ ಕೈ ಹತ್ತಿರದ ಸಮಾಜದಿಂದಲೇ ಬರಬೇಕು.

ಎರಡನೆಯ ಆಕ್ಷೇಪ, ವೃದ್ಧಾಶ್ರಮ ನಮ್ಮ ಸಂಸ್ಕೃತಿಯಲ್ಲ, ಅದು ಮಕ್ಕಳ ಹೊಣೆ ತಪ್ಪಿಸುತ್ತದೆ ಎಂಬುದು. ಇದರಲ್ಲಿ ಹುರುಳಿಲ್ಲವೆನ್ನಲಾಗದು. ದುಡ್ಡಿದ್ದೂ ಹೆತ್ತವರನ್ನು ಸಾಗಹಾಕುವವರಿಗೆ ಅನುಕೂಲ ಮಾಡಿಕೊಡುವ ಮನೆ ನಮಗೆ ಬೇಡ. ಆದರೆ ಮಕ್ಕಳೇ ಇಲ್ಲದವರು, ಮಕ್ಕಳನ್ನು ಕಳೆದುಕೊಂಡವರು, ಗಂಡ ಸತ್ತ ಮೇಲೆ ತವರಿಗೂ ಅತ್ತೆಮನೆಗೂ ಬೇಡವಾದ ಮುದುಕಿಯರು ಎಲ್ಲ ಕಾಲಕ್ಕೂ ಇದ್ದರು. ಗುಡಿಯ ಕಟ್ಟೆ, ಬಸ್ ನಿಲ್ದಾಣದ ಕಲ್ಲುಬೆಂಚು ಅವರ ಮನೆಯಾಗಿದ್ದವು. ಅದನ್ನು ಸಂಸ್ಕೃತಿ ಎನ್ನುವ ಧೈರ್ಯ ಯಾರಿಗಿದೆ? ಭಗಿನಿಯರ ಮನೆಯ ಬಾಗಿಲು ತೆರೆದಿರುವುದು ಇಂಥ ಬಡ ವೃದ್ಧರಿಗೇ.

ಮೂರನೆಯದು ಮತಾಂತರದ ಅನುಮಾನ. ಕೇಳಬಾರದ ಪ್ರಶ್ನೆಯೇನಲ್ಲ, ಅಸಹಾಯಕರ ನಡುವೆ ಕೆಲಸ ಮಾಡುವ ಯಾವ ಸಂಸ್ಥೆಯೂ, ಅದು ಯಾವ ಧರ್ಮದ್ದೇ ಇರಲಿ, ಉತ್ತರ ಕೊಡಲು ಸಿದ್ಧವಿರಬೇಕು. ಜಾತಿ ಧರ್ಮ ಕೇಳದೆ ಸೇರಿಸಿಕೊಳ್ಳುವುದು ಈ ಸಂಘದ ರೂಢಿ. ಕಾಯಂ ಆದಾಯ ಬೇಡವೆಂದ ಅದರ ನಿಯಮದಲ್ಲಿಯೇ ಒಂದು ಪಾರದರ್ಶಕತೆಯೂ ಇದೆ: ದಿನದಿನವೂ ಊರಿನ ಅಂಗಡಿಯವರ ಮುಂದೆ ಕೈಚಾಚುವವರು ಊರಿನ ನಂಬಿಕೆ ಕಳೆದುಕೊಂಡರೆ ಒಲೆ ಆರುತ್ತದೆ. ಇಷ್ಟಾದರೂ ಸಮಾಧಾನವಾಗದವರಿಗೆ ದಾರಿ ಸುಲಭ. ಆ ಕೆಲಸವನ್ನು ಮಠ, ದರ್ಗಾ, ಸ್ತ್ರೀಶಕ್ತಿ ಸಂಘಗಳು ತಾವೇ ಎತ್ತಿಕೊಳ್ಳಲಿ.

ಕೊನೆಯ ಆಕ್ಷೇಪವೇ ಗಟ್ಟಿಯಾದದ್ದು. ಮದುವೆ, ಸಂಬಳ ಎಲ್ಲ ಬಿಟ್ಟ ಸನ್ಯಾಸಿನಿಯರು ಮಾಡುವುದನ್ನು ಸಂಸಾರಸ್ಥರ ಸಮಾಜ ಮಾಡೀತೇ? ಸನ್ಯಾಸಿನಿಯರೇ ಕಡಿಮೆಯಾಗುತ್ತಿದ್ದಾರೆ, ಹೊಸಬರು ಬಾರದೆ ಅಮೆರಿಕ, ಯುರೋಪುಗಳಲ್ಲಿ ಈ ಸಂಘ ಎಷ್ಟೋ ಮನೆಗಳನ್ನು ಮುಚ್ಚಿದೆ. ಹಾಗಾಗಿ ತ್ಯಾಗವೊಂದನ್ನೇ ನಂಬಿ ಕೂರುವಂತಿಲ್ಲ. ಅವರಿಂದ ತೆಗೆದುಕೊಳ್ಳಬಹುದಾದ್ದು ಮೂರು: ಮನೆ ಚಿಕ್ಕದಿರಲಿ ಮತ್ತು ಹತ್ತಿರವಿರಲಿ, ರಾತ್ರಿ ಎದ್ದು ನೀರು ಕೊಡುವವರು ಅದೇ ಸೂರಿನಡಿ ಇರಲಿ, ಖರ್ಚಿನಲ್ಲಿ ಊರಿನ ಪ್ರತಿ ಮನೆಯ ಪಾಲಿರಲಿ. ಮೈ ತೊಳೆದು ಹಾಸಿಗೆ ಬದಲಿಸುವ ಕೆಲಸಕ್ಕೆ ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಕೈತುಂಬ ಸಂಬಳವನ್ನೂ ಕೊಡಬೇಕು. ಸೇವೆ ಎಂಬ ದೊಡ್ಡ ಹೆಸರಿಟ್ಟು ಪುಕ್ಕಟೆ ದುಡಿಸಿಕೊಳ್ಳಬಾರದು. ಸಂಬಳಕ್ಕೆ ಸರ್ಕಾರದ ಅನುದಾನ, ಔಷಧಕ್ಕೆ ತಾಲ್ಲೂಕು ಆಸ್ಪತ್ರೆ, ಊಟಕ್ಕೆ ಜೋಳಿಗೆ ಎಂದು ಹೊಣೆ ಹಂಚಿಕೊಂಡರೆ ಇಪ್ಪತ್ತು ಮೂವತ್ತು ಜನರ ಮನೆ ಒಂದು ತಾಲ್ಲೂಕಿಗೆ ಭಾರವಲ್ಲ.

ಬಸವನ ಬಾಗೇವಾಡಿಯಲ್ಲಿ ಪ್ರತಿ ವರ್ಷ ಬಸವ ಜಯಂತಿ ನಡೆಯುತ್ತದೆ. ನಾಲ್ಕೂ ತಾಲ್ಲೂಕುಗಳ ಮಠಾಧೀಶರು, ವರ್ತಕರು, ರೈತರು ಮುಂದಿನ ಜಯಂತಿಯ ಹೊತ್ತಿಗೆ ತಲಾ ಒಂದು ಮನೆ ಗೊತ್ತುಮಾಡಿ, ಅದರ ಸಲುವಾಗಿ ಜೋಳಿಗೆ ಹಿಡಿದು ಸುಗ್ಗಿಯ ಕಣಕ್ಕೆ ಇಳಿಯಲಿ. ಮಕ್ಕಳಿಗೆಂದಾಗ ಈ ಜನ ಇಲ್ಲವೆನ್ನಲಿಲ್ಲ. ಮುದುಕರಿಗೆಂದು ಒಮ್ಮೆ ಕೇಳಿ ನೋಡಲಿ.