ಒಂದು ಸೆಂಟಿಮೀಟರ್ ಜಾಗಕ್ಕೆ ಕಾಲನ್ನು ಎಷ್ಟು ಎಳೀಬೇಕು?

ಮಂಡಿಯ ಕೀಹೋಲ್ ಆಪರೇಷನ್ ಈಗ ಎಲ್ಲರಿಗೂ ಗೊತ್ತು. ಸೊಂಟದ ಕೀಲಿಗೂ ಅದೇ ಥರದ್ದು ಒಂದಿದೆ, ಹಿಪ್ ಆರ್ಥ್ರೋಸ್ಕೋಪಿ. ಸ್ಕ್ವಾಟ್ ಮಾಡುವಾಗ, ಕಾರಿನಿಂದ ಇಳಿಯುವಾಗ ತೊಡೆಸಂದಿನಲ್ಲಿ ಚಳಕ್ ಅನ್ನುವ ನೋವು ಫಿಸಿಯೋಥೆರಪಿಗೂ ಬಗ್ಗದಿದ್ದರೆ ಡಾಕ್ಟರು ಕೆಲವರಿಗೆ ಇದನ್ನು ಸೂಚಿಸುತ್ತಾರೆ. ಜತೆಗೆ, ‘ಆಪರೇಷನ್ ಟೈಮಲ್ಲಿ ಕಾಲನ್ನು ಎಳೆದು ಹಿಡೀತೀವಿ’ ಅಂತಾರೆ. ಕೇಳಿದವರಿಗೆ ಎದೆ ಧಸಕ್ ಅನ್ನೋದು ಸಹಜ.

ಎಳೆಯೋದು ಯಾಕೆ? ತೊಡೆಮೂಳೆಯ ದುಂಡು ತಲೆ ಆಳವಾದ ಬಟ್ಟಲಿನಲ್ಲಿ ಬಿಗಿಯಾಗಿ ಕೂತಿರುತ್ತದೆ. 1931ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಶವಗಳ ಮೇಲೆ ಪ್ರಯತ್ನಿಸಿ, ಇವೆರಡರ ನಡುವೆ ಸೂಜಿ ತೂರಿಸೋದೂ ಆಗದು ಎಂದು ಬರೆದಿದ್ದರು. ಈಗ ಪಾದವನ್ನು ಬೂಟಿನಲ್ಲಿ ಬಿಗಿದು ಎಳೆದು, 8ರಿಂದ 10 ಮಿಲಿಮೀಟರ್ ಜಾಗ ಮಾಡಿಕೊಳ್ಳುತ್ತಾರೆ. ಅಷ್ಟಕ್ಕೆ ಕೆಲವರಿಗೆ 25 ಕಿಲೋ ಅಕ್ಕಿ ಮೂಟೆಯ ಭಾರ ಸಾಕು, ಕೆಲವರಿಗೆ ಎರಡು ಮೂಟೆ ಬೇಕು.

ಈ ವ್ಯತ್ಯಾಸ ಅರ್ಧ ನಿಮ್ಮ ಮೈಕಟ್ಟಿನದು. ಗಂಡಸರಿಗೆ, ಕೀಲು ಬಿಗಿಯಾಗಿರುವವರಿಗೆ ಸಾಮಾನ್ಯವಾಗಿ ಹೆಚ್ಚು ಬಲ ಬೇಕು. ಹೆಬ್ಬೆರಳನ್ನು ಮುಂಗೈಗೆ ತಾಗಿಸಬಲ್ಲ ಸಡಿಲ ಕೀಲಿನವರಿಗೆ ಕಡಿಮೆ. ಕೀಲಿನ ಮುಂದಿರುವ ಪಟ್ಟಿ ಇಡೀ ದೇಹದಲ್ಲೇ ಅತಿ ಗಟ್ಟಿ ಅಸ್ಥಿರಜ್ಜು.

ಉಳಿದರ್ಧ ಡಾಕ್ಟರ ಕೈಯಲ್ಲಿದೆ. ಬಾತ್‌ರೂಮಿನ ಟೈಲ್ಸಿಗೆ ಅಂಟಿಸುವ ರಬ್ಬರ್ ಕೊಕ್ಕೆ ನೆನಪಿಸಿಕೊಳ್ಳಿ. ಎಷ್ಟು ಜಗ್ಗಿದರೂ ಬರಲ್ಲ, ಅಂಚಿಗೆ ಉಗುರು ಹಾಕಿದರೆ ಪಟ್ ಅಂತ ಬಿಡುತ್ತೆ. ಸೊಂಟದ ಕೀಲೂ ಹಾಗೇ. ಜರ್ಮನಿಯ ವೇಬರ್ ಸಹೋದರರು 1836ರಲ್ಲೇ ಇದನ್ನು ದಾಖಲಿಸಿದ್ದಾರೆ. ಶವದ ಸೊಂಟದ ಸುತ್ತಲಿನ ಸ್ನಾಯು, ಪೊರೆ ಎಲ್ಲ ಕತ್ತರಿಸಿದರೂ ಕಾಲು ಕಳಚಲಿಲ್ಲ. ಬಟ್ಟಲಿಗೆ ತೂತು ಕೊರೆದು ಗಾಳಿ ಬಿಟ್ಟಾಗ ಬಿತ್ತು. ಹಾಗಾಗಿ ಇಂದು ಎಕ್ಸ್‌ರೇ ನೋಡುತ್ತಾ ಸೂಜಿಯಿಂದ ಒಳಗೆ ಗಾಳಿ ಅಥವಾ ಸಲೈನ್ ಬಿಡುತ್ತಾರೆ. ಎಳೆತದ ಬಲ ಇಳಿಯುತ್ತದೆ. ಕೀಲಿನ ಪೊರೆ ಬಿಡಿಸಿದಾಗ ಇನ್ನಷ್ಟು ಇಳಿಯುತ್ತದೆ. ಅರಿವಳಿಕೆಯಲ್ಲಿ ಸ್ನಾಯುಗಳು ಪೂರ್ತಿ ಸಡಿಲವಾಗಿರೋದೂ ಅಷ್ಟೇ ಮುಖ್ಯ.

ಬಲ ಇಳಿಸಲು ಇಷ್ಟೆಲ್ಲ ಯಾಕೆ ಅಂದರೆ, ನರಗಳಿಗಾಗಿ. ಮೈ ಜಾರದಂತೆ ತೊಡೆಗಳ ನಡುವೆ ದಿಂಬು ಸುತ್ತಿದ ಕಂಬ ಇಡುತ್ತಾರೆ. ಎಳೆತ ಹೆಚ್ಚಾದರೆ, ತುಂಬಾ ಹೊತ್ತಾದರೆ ಅಲ್ಲಿನ ನರ ಒತ್ತಿಕೊಂಡು ಜನನಾಂಗದ ಭಾಗ ಮರಗಟ್ಟಬಹುದು. ಪಾದದ ಮೇಲ್ಭಾಗಕ್ಕೂ ಜೋಮು ಹಿಡಿಯಬಹುದು. ಅದಕ್ಕೇ ಎಳೆತವನ್ನು ಎರಡು ಗಂಟೆಯೊಳಗೆ ಮುಗಿಸಬೇಕೆನ್ನುವ ರೂಢಿ. ಕಂಬವೇ ಇಲ್ಲದೆ, ಟೇಬಲ್ಲಿನ ತಲೆಭಾಗ ತಗ್ಗಿಸಿ, ಜಾರದ ಹಾಸಿನ ಮೇಲೆ ಮಲಗಿಸಿ ಮಾಡುವ ವಿಧಾನವೂ ಬಂದಿದೆ.

ಆದ್ದರಿಂದ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ಎಳೆತ ಎಷ್ಟು ಹೊತ್ತು? ಮೊದಲು ಗಾಳಿ ಬಿಡ್ತೀರಾ? ಕಂಬ ಇಡ್ತೀರಾ, ಇಲ್ವಾ? ನಿಮ್ಮ ಕೀಲು ಬಿಗಿಯೋ ಸಡಿಲವೋ ಅನ್ನೋದನ್ನೂ ಹೇಳಿ.

ಆಪರೇಷನ್ ಆದಮೇಲೆ ‘ಅಲ್ಲಿ’ ಮರಗಟ್ಟಿದೆ ಅನಿಸಿದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ. ಆದರೂ ಮೊದಲ ದಿನವೇ ಡಾಕ್ಟರಿಗೆ ಹೇಳಿ. ಅವರಿಗೆ ಇದು ಹೊಸ ವಿಷಯವಲ್ಲ.